ಹತ್ತೊಂಬತ್ತು ವರ್ಷದ ಅತಿಥಿ

ಸರ್ ತೀರಿಕೊಂಡ ಸುದ್ದಿ ನನಗೆ ಪತ್ರಿಕೆಯಿಂದ ಗೊತ್ತಾಯಿತು. ಒಳಪುಟದ ಮೂಲೆಯಲ್ಲಿ ಎರಡು ಬೆರಳಗಲದ ಸುದ್ದಿ. ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಸರ್ವೇ ಕೆಲಸಗಾರ ಕುಳಿತಲ್ಲೇ ಪ್ರಾಣ ಬಿಟ್ಟ, ಊರು ಇಂಡಿ ತಾಲೂಕಿನ ಅಗರಖೇಡ, ವಯಸ್ಸು ಐವತ್ತೆರಡು ಎಂದು ಸರ್ ಹೆಸರಿನೊಂದಿಗೆ ಬರೆದಿದ್ದರು. ಕೊರಳಲ್ಲಿ ಯಾವುದೋ ಕಂಪನಿಯ ಗುರುತಿನ ಚೀಟಿ ಜೋತುಬಿದ್ದಿತ್ತಂತೆ. ಪೊಲೀಸರು ಅದನ್ನು ನೋಡಿ ಹೇಳಿದ್ದನ್ನೇ ಪತ್ರಿಕೆಯವರು ಹಾಕಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಹತ್ತೊಂಬತ್ತು ವರ್ಷ ಬಸ್ಸು ಬದಲಿಸುತ್ತ ರಾಜ್ಯಶಾಸ್ತ್ರ ಕಲಿಸಿದ ಮನುಷ್ಯ, ಎರಡು ತಿಂಗಳ ಒಂದು ಕೆಲಸದ ಹೆಸರಿನಲ್ಲಿ ಸತ್ತರು.

ಪತ್ರಿಕೆ ಹಿಡಿದುಕೊಂಡೇ ನಾನು ಈಗ ಕಲಿಸುವ ಇಂಡಿ ಕಾಲೇಜಿನ ಪ್ರಾಂಶುಪಾಲರ ಕೋಣೆಗೆ ಹೋದೆ. ಪ್ರಾರ್ಥನೆ ಆದ ಮೇಲೆ ಎರಡು ನಿಮಿಷ ಮೌನಕ್ಕೆ ನಿಲ್ಲೋಣ ಎಂದೆ. ನಮ್ಮ ಪ್ರಾಂಶುಪಾಲರು ಕೆಟ್ಟವರಲ್ಲ. ಸುದ್ದಿ ಓದಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಪಾಪ, ಭಾಳ ಕೆಟ್ಟ ಆತ್ರಿ. ಆದ್ರ ಸಂತಾಪ ಸಭಿ ಅಂದ ಮ್ಯಾಲೆ ರಜಿಸ್ಟರ್‌ನ್ಯಾಗ ಬರೀಬೇಕಾಗತೈತಿ. ಸಿಬ್ಬಂದಿ ಅಂತ ಬರ್ಯಾಕ ಬರಂಗಿಲ್ಲ. ನಿವೃತ್ತ ಸಿಬ್ಬಂದಿ ಅಂತನೂ ಬರ್ಯಾಕ ಬರಂಗಿಲ್ಲ. ಏನಂತ ಬರೀಲಿ, ನೀವ ಹೇಳ್ರಿ ಮೇಡಂ."

"ಅತಿಥಿ ಉಪನ್ಯಾಸಕರು ಅಂತ ಬರೀರಿ ಸರ್."

"ಅತಿಥಿಗಳಿಗೆ ಸಂತಾಪ ಸಭಿ ಮಾಡಿದ್ದು ಹಿಂದ ಎಲ್ಲೂ ಇಲ್ರಿ," ಎಂದರು. ಅವರ ಮಟ್ಟಿಗೆ ಅದು ಸತ್ಯವೇ.

ನಮ್ಮ ಕಡೆ ಮನೆಗೆ ಅತಿಥಿ ಬಂದರೆ ಮೊದಲು ಕಾಲಿಗೆ ನೀರು ಕೊಡುತ್ತಾರೆ, ಆಮೇಲೆ ಕುಡಿಯಲು. ಕಂಬಳಿ ಹಾಸುತ್ತಾರೆ. ಊಟಕ್ಕೆ ಎದ್ದರೆ ಮನೆಯವರಿಗಿಂತ ಮೊದಲು ಅವರ ತಾಟು. ಸರಕಾರ ಈ ಒಳ್ಳೆಯ ಮಾತನ್ನು ಎಲ್ಲಿಂದ ಹುಡುಕಿ ತಂದಿತೋ ಗೊತ್ತಿಲ್ಲ. ಕಾಯಂ ಮಾಡದೆ, ರಜೆ ಕೊಡದೆ, ಪಿಂಚಣಿ ಕೊಡದೆ, ವರ್ಷ ವರ್ಷವೂ ಏಪ್ರಿಲ್ ತಿಂಗಳಲ್ಲಿ ಹೊರಗೆ ಹಾಕಿ ಮತ್ತೆ ಅರ್ಜಿ ಹಾಕು ಅನ್ನುವ ಕೆಲಸಕ್ಕೆ ಅದನ್ನೇ ಹೆಸರಾಗಿ ಇಟ್ಟಿತು.

ನಾನು ಅವರ ವಿದ್ಯಾರ್ಥಿಯಾಗಿ ಇದೇ ಕಾಲೇಜಿನ ಮೊದಲ ವರ್ಷದ ತರಗತಿಯಲ್ಲಿ ಕುಳಿತಾಗ ಅವರು ಕೆಲಸಕ್ಕೆ ಬಂದು ಮೂರನೆಯ ವರ್ಷ. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಸೀಮೆಸುಣ್ಣದ ತುಂಡುಗಳು. ಹೀಗಾಗಿ ಅವರ ಎಲ್ಲ ಅಂಗಿಗಳಿಗೂ ಎದೆಯ ಮೇಲೊಂದು ಬಿಳಿ ಕಲೆ ಇರುತ್ತಿತ್ತು. ಮೊದಲ ದಿನ ಪುಸ್ತಕ ತೆರೆಯಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ, "ನಿಮ್ಮ ಊರಿಗೆ ಬಸ್ಸು ಎಷ್ಟಕ್ಕ ಬರತೈತಿ?" ಎಂದು ಕೇಳುತ್ತ ಹೋದರು. ಒಬ್ಬಳು, ಬಸ್ಸು ಊರಿಗೆ ಬರುವುದಿಲ್ಲ, ಕ್ರಾಸಿನ ತನಕ ಮಾತ್ರ, ಅಲ್ಲಿಂದ ನಡೆದು ಹೋಗಬೇಕು ಎಂದಳು.

"ಯಾಕ ಬರಂಗಿಲ್ಲ?"

"ಗೊತ್ತಿಲ್ರಿ ಸರ್."

"ಹಂಗಾದ್ರ ಬರಕೋ. ರಾಜ್ಯಶಾಸ್ತ್ರ ಅಂದ್ರ ನಮ್ಮೂರಿಗೆ ಬಸ್ಸು ಯಾಕ ಬರಂಗಿಲ್ಲ ಅನ್ನೂದರ ಅಭ್ಯಾಸ."

ನಾವು ನಕ್ಕೆವು. ಕೆಲವರು ಬರೆದುಕೊಂಡೂ ಬಿಟ್ಟರು. ಮುಂದಿನ ವಾರ ಅವರು ಇಡೀ ತರಗತಿಯಿಂದ ಡಿಪೋಗೆ ಒಂದು ಅರ್ಜಿ ಬರೆಸಿದರು. ಯಾರಿಗೆ ಬರೆಯಬೇಕು, ಅವರ ಮೇಲೆ ಯಾರು, ಅವರು ಮಾತು ಕೇಳದಿದ್ದರೆ ಯಾರ ಬಾಗಿಲಿಗೆ ಹೋಗಬೇಕು ಎಂದು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದರು. ಆಡಳಿತ ಅನ್ನುವ ಪಾಠ ನನಗೆ ಅಂದು ತಿಳಿದಷ್ಟು ಆಮೇಲೆ ಯಾವ ಪುಸ್ತಕದಿಂದಲೂ ತಿಳಿಯಲಿಲ್ಲ. ಅಚ್ಚರಿಯೆಂದರೆ ಬಸ್ಸು ಬಂತು. ಅದು ಚುನಾವಣೆ ಹತ್ತಿರವಿದ್ದ ಕಾಲ. ಆ ಹುಡುಗಿ ಬಸ್ಸಿನ ಕಂಡಕ್ಟರ್‌ಗೆ ಪೇಢಾ ಕೊಟ್ಟಳಂತೆ. ಮತ ಎಣಿಕೆ ಮುಗಿದು ತಿಂಗಳೊಳಗೆ ಬಸ್ಸು ಮತ್ತೆ ಕ್ರಾಸಿಗೇ ನಿಂತಿತು. ಅವಳು ಬಂದು ಹೇಳಿದಾಗ ಸರ್, "ಮೂರು ತಿಂಗಳ ನಿಮ್ಮೂರಾಗ ಸರಕಾರ ಇತ್ತು ಅನ್ನು" ಎಂದರು. ಈ ಸಲ ಯಾರೂ ನಗಲಿಲ್ಲ.

ನನ್ನ ತಂದೆ ಇಂಡಿಯಲ್ಲಿ ಲಿಂಬಿಕಾಯಿ ವ್ಯಾಪಾರ ಮಾಡುತ್ತಿದ್ದರು. ದೊಡ್ಡ ವ್ಯಾಪಾರವೇನಲ್ಲ, ತಗಡಿನ ಒಂದು ಶೆಡ್ಡು, ಹಣ್ಣು ಆರಿಸಿ ಚೀಲ ತುಂಬುವ ನಾಲ್ಕು ಹೆಂಗಸರು. ನಾನು ಒಬ್ಬಳೇ ಮಗಳು. ಬಿ.ಎ. ಮುಗಿದ ಮೇಲೆ ನಿಕಾಹ್ ಎಂದು ಮನೆಯಲ್ಲಿ ಮಾತು ನಡೆದಿತ್ತು. ನಾನು ವಿಜಯಪುರಕ್ಕೆ ಹೋಗಿ ಎಂ.ಎ. ಓದುತ್ತೇನೆ ಎಂದರೆ ಅಬ್ಬಾ ಕೇಳಲು ತಯಾರಿರಲಿಲ್ಲ. ಸರ್‌ಗೆ ಯಾರು ಹೇಳಿದರೋ, ಒಂದು ಮಧ್ಯಾಹ್ನ ಶೆಡ್ಡಿಗೆ ಬಂದರು. ಅಬ್ಬಾ ಕುರ್ಚಿ ತರಿಸಹೋದರೆ ಬೇಡ ಎಂದು ರಾಶಿಯ ಪಕ್ಕ ಚೀಲದ ಮೇಲೆ ಕುಳಿತು, ಮಾತಾಡುತ್ತ ಮಾತಾಡುತ್ತ ಹಣ್ಣು ಆರಿಸತೊಡಗಿದರು. ಹಳದಿ ಒಂದು ಕಡೆ, ಹಸಿರು ಒಂದು ಕಡೆ, ಪೆಟ್ಟಾದದ್ದು ಬುಟ್ಟಿಗೆ.

"ಸರ, ಹುಡುಗಿನ್ನ ಎಂ.ಎ. ಓದಿಸಿ ಏನ್ ಮಾಡೂದೈತ್ರಿ?" ಎಂದರು ಅಬ್ಬಾ. "ತಪ್ಪ ತಿಳೀಬ್ಯಾಡ್ರಿ. ನೀವೂ ಎಂ.ಎ. ಮಾಡೀರಿ. ನಿಮಗರೆ ಏನ್ ಸಿಕ್ಕೈತಿ?"

ನಾನು ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಸರ್ ಕೈ ನಿಲ್ಲಿಸಲಿಲ್ಲ.

"ನನ್ನ ನೋಡಿ ಕೇಳಬ್ಯಾಡ್ರಿ ಸಾಹೇಬ್ರ. ನಾ ಬಾಗಲಾಗ ನಿಂತಾಂವ. ನಿಮ್ಮ ಮಗಳು ಒಳಗ ಹೋಗಿ ಕುಂದರತಾಳ. ಕಾಯಂ ಆಗತಾಳ. ನಾ ಮಾತ ಕೊಡ್ತೇನಿ."

ಅವರು ಹೋದ ಮೇಲೆ ಅಬ್ಬಾ ಅವರು ಆರಿಸಿಟ್ಟ ರಾಶಿ ನೋಡಿದರು. ಒಂದು ಹಣ್ಣೂ ತಪ್ಪಿರಲಿಲ್ಲ. "ಕೈಯಾಗ ಕೆಲಸ ಐತಿ ಈ ಮನಶ್ಯಾಗ," ಎಂದರು. ನನ್ನ ಎಂ.ಎ. ಅಂದು ಗಟ್ಟಿಯಾಯಿತು.

ಅವರ ಕೈಯಲ್ಲಿ ಕೆಲಸ ಇದ್ದದ್ದು ನಿಜ. ಅವರದು ಕುರಿ ಕಾಯುವ ಮನೆತನ. ಅಣ್ಣಂದಿರಿಬ್ಬರು ಅಗರಖೇಡದಲ್ಲಿ ಈಗಲೂ ಕುರಿ ಇಟ್ಟಿದ್ದಾರೆ. ಆ ಮನೆಯಲ್ಲಿ ಕಾಲೇಜು ಕಂಡವರು ಇವರೊಬ್ಬರೇ. ಏಪ್ರಿಲ್ ತಿಂಗಳಲ್ಲಿ ಕಾಲೇಜಿನಿಂದ ಬಿಡುಗಡೆಯಾದರೆ ಹೊಸ ಪಟ್ಟಿ ಬರುವ ತನಕ, ಅಂದರೆ ಮೂರೋ ನಾಲ್ಕೋ ತಿಂಗಳು, ಅವರು ಅಣ್ಣಂದಿರ ಜೊತೆ ಹಿಂಡಿನ ಹಿಂದೆ ತಿರುಗುತ್ತಿದ್ದರು. ಬೇಸಿಗೆಯಲ್ಲಿ ಹೊಲದವರು ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ ಒಂದು ಸಲ ನನ್ನ ಸಹಪಾಠಿಯೊಬ್ಬನ ಹೊಲದಲ್ಲೇ ಇವರ ಹಿಂಡು ಬಿಡಾರ ಮಾಡಿತ್ತು. ಅವನು ಬೆಳಗ್ಗೆ ಹೋಗಿ ನೋಡಿದರೆ ಸರ್ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮರಿಗಳಿಗೆ ಹಾಲು ಕುಡಿಸುತ್ತಿದ್ದಾರೆ. ಹುಡುಗ ಗಾಬರಿಯಾಗಿ ನಮಸ್ಕಾರ ಹೇಳುವುದನ್ನೂ ಮರೆತ.

"ಯಾಕೋ, ಸರ್ವಿಸ್ ಬ್ರೇಕ್ ನೋಡಿಲ್ಲೇನು?" ಎಂದು ಇವರೇ ಮಾತಾಡಿಸಿದರಂತೆ. "ಇವಕ್ಕ ನೋಡು, ಬ್ರೇಕ್ ಇಲ್ಲ. ವರ್ಷಪೂರ್ತಿ ನೌಕರಿ."

ಅವರ ನಗೆಚಾಟಿಕೆಗಳೆಲ್ಲ ಹೀಗೇ ಇದ್ದವು. ಕೇಳಿದವರಿಗೆ ನಗುವುದೋ ಬಿಡುವುದೋ ತಿಳಿಯುತ್ತಿರಲಿಲ್ಲ.

ಒಂದೇ ಕಾಲೇಜಿನಲ್ಲಿ ಪೂರ್ತಿ ಪಾಠ ಸಿಕ್ಕ ವರ್ಷಗಳು ಕಡಿಮೆ. ಕೆಲವು ವರ್ಷ ವಾರಕ್ಕೆ ಇಂಡಿಯಲ್ಲಿ ಆರು ತಾಸು, ಬಸವನ ಬಾಗೇವಾಡಿಯಲ್ಲಿ ಆರು ತಾಸು. ಕೆಲವು ವರ್ಷ ಸಿಂದಗಿ. ಒಂದು ವರ್ಷ ವಾರಕ್ಕೆ ಎರಡು ದಿನ ಮುದ್ದೇಬಿಹಾಳ. ಬೆಳಗ್ಗೆ ಆರಕ್ಕೆ ಅಗರಖೇಡ ಬಿಟ್ಟರೆ ಊರು ಸೇರುವಾಗ ಕತ್ತಲಾಗಿರುತ್ತಿತ್ತು. ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯನ್ನು ಬಸ್ಸಿನಲ್ಲೇ ಮಡಚಿ ತಿನ್ನುತ್ತಿದ್ದರು. ಪಿಎಚ್‌ಡಿ ಯಾಕೆ ಮಾಡಲಿಲ್ಲ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: "ಪಿಎಚ್‌ಡಿ ಮಾಡಾಕ ರಜಾ ಬೇಕು. ರಜಾ ಕೊಡಾಕ ಮೊದಲ ನೌಕರಿ ಬೇಕು."

ಒಂದು ಸಲ ಬೆಂಗಳೂರಿಗೂ ಹೋಗಿದ್ದರು, ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ಸೇರಿ ಧರಣಿ ಕುಳಿತಾಗ. ಹನ್ನೊಂದು ದಿನ ಪೆಂಡಾಲಿನ ಕೆಳಗೆ ಮಲಗಿದರು. ವಿರೋಧ ಪಕ್ಷದ ಒಬ್ಬ ದೊಡ್ಡ ನಾಯಕರು ಬಂದು ಇವರ ನಡುವೆ ಜಮಖಾನದ ಮೇಲೆ ಕುಳಿತು, ನಾವು ಬಂದರೆ ಮೊದಲ ತಿಂಗಳಲ್ಲೇ ನಿಮ್ಮನ್ನು ಕಾಯಂ ಮಾಡುತ್ತೇವೆ ಎಂದರಂತೆ. ಇವರು ಊರಿಗೆ ಬಂದು ಅದನ್ನು ನಂಬಿ ಹೇಳಿಕೊಂಡು ತಿರುಗಿದರು. ಆ ಪಕ್ಷ ಗೆದ್ದಿತು. ಕಾನೂನಿನ ತೊಡಕಿದೆ, ಹಣಕಾಸು ಇಲಾಖೆ ಒಪ್ಪುತ್ತಿಲ್ಲ ಎಂದಿತು. ಸೋತು ಹೊರಗೆ ಹೋದವರು ಮುಂದಿನ ಧರಣಿಯಲ್ಲಿ ಅದೇ ಪೆಂಡಾಲಿಗೆ ಬಂದು ಅದೇ ಜಮಖಾನದ ಮೇಲೆ ಕುಳಿತು ಅದೇ ಮಾತು ಹೇಳಿದರು. ಆಮೇಲೆ ಸರ್ ಧರಣಿಗೆ ಹೋಗಲಿಲ್ಲ. ಪಕ್ಷಪದ್ಧತಿಯ ಪಾಠ ಬಂದಾಗ ತರಗತಿಯಲ್ಲಿ ಹೇಳುತ್ತಿದ್ದರಂತೆ: "ಹೊರಗಿದ್ದಾಗ ಎಲ್ಲಾರೂ ನಮ್ಮವರ. ಒಳಗ ಹೋದ ಮ್ಯಾಲೆ ಎಲ್ಲಾರೂ ಹಣಕಾಸು ಇಲಾಖೆಯವರ."

ಇನ್ನು ನನ್ನ ಪಾಲಿನ ಮಾತು ಬರೆಯಬೇಕು. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಇದು ಸುಳ್ಳಿನ ಬರಹವಾಗುತ್ತದೆ.

ಅವರು ಅಬ್ಬಾಗೆ ಕೊಟ್ಟ ಮಾತಿನಂತೆ ನಾನು ಕಾಯಂ ಆದೆ. ಪರೀಕ್ಷೆ ಪಾಸಾಗಿ ಚಾಮರಾಜನಗರದ ಕಡೆಯ ಒಂದು ಕಾಲೇಜಿಗೆ ಹೋದೆ. ಆದೇಶ ಬಂದ ದಿನ ಸರ್‌ಗೆ ಫೋನ್ ಮಾಡಿದರೆ ಅವರು ಬಾಗೇವಾಡಿಯ ಬಸ್ಸಿನಲ್ಲಿದ್ದರು. ಗದ್ದಲದಲ್ಲಿ ಸರಿಯಾಗಿ ಕೇಳಿಸದೆ ಮೂರು ಸಲ ಹೇಳಿಸಿಕೊಂಡರು. ಆಮೇಲೆ ಪಕ್ಕದಲ್ಲಿ ಕುಳಿತ ಯಾರಿಗೋ, "ನನ್ನ ಸ್ಟೂಡೆಂಟ್ರೀ, ಗೆಜೆಟೆಡ್ ಆದ್ಲು" ಎಂದು ಹೇಳುವುದು ನನಗೆ ಕೇಳಿಸಿತು.

ಏಳು ವರ್ಷ ಆ ಕಡೆ ಇದ್ದೆ. ನನ್ನ ಮಾತು ಕೇಳಿ ಅಲ್ಲಿಯವರು ಜಗಳಕ್ಕೆ ಬಂದಿದ್ದಾಳೆ ಎಂದುಕೊಳ್ಳುತ್ತಿದ್ದರು. ಹಾಗೂ ಹೀಗೂ ಹೊಂದಿಕೊಂಡಿದ್ದೆ. ಅಷ್ಟರಲ್ಲಿ ಅಬ್ಬಾಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಅಮ್ಮನೊಬ್ಬಳಿಂದ ಅವರನ್ನು ಎತ್ತಿ ಕೂರಿಸಲೂ ಆಗುತ್ತಿರಲಿಲ್ಲ. ನಾನು ವರ್ಗಾವಣೆಗೆ ಅರ್ಜಿ ಹಾಕಿದೆ.

ಖಾಲಿ ಇರುವ ಊರು ಆರಿಸಿಕೊಳ್ಳುವ ಕೌನ್ಸೆಲಿಂಗ್ ಬೆಂಗಳೂರಿನಲ್ಲಿ. ನನ್ನ ಸರದಿ ಬಂದಾಗ ಪರದೆಯ ಮೇಲೆ ವಿಜಯಪುರ ಜಿಲ್ಲೆಯ ಎರಡು ಊರು ಉಳಿದಿದ್ದವು. ಸಿಂದಗಿ, ರಾಜ್ಯಶಾಸ್ತ್ರ, ಒಂದು ಹುದ್ದೆ, ಖಾಲಿ. ಇಂಡಿ, ರಾಜ್ಯಶಾಸ್ತ್ರ, ಒಂದು ಹುದ್ದೆ, ಖಾಲಿ. ಸರ್ ಆ ವರ್ಷ ಇಂಡಿಯಲ್ಲಿ ಪೂರ್ತಿ ಪಾಠ ಮಾಡುತ್ತಿದ್ದರು. ಅಂದೂ ಆ ಹೊತ್ತಿನಲ್ಲಿ ಅವರು ತರಗತಿಯಲ್ಲಿಯೇ ಇದ್ದಿರಬೇಕು. ಆದರೆ ಸರಕಾರದ ಲೆಕ್ಕದಲ್ಲಿ ಅಲ್ಲಿ ಯಾರೂ ಇರಲಿಲ್ಲ. ಅಷ್ಟು ವರ್ಷ ಅವರು ನಿಂತು ಪಾಠ ಹೇಳಿದ ಜಾಗ ಖಾಲಿ ಎಂದೇ ಬರೆದುಕೊಂಡು ಬಂದಿತ್ತು. ಕಾಯಂ ಉಪನ್ಯಾಸಕರು ಬಂದರೆ ಅತಿಥಿ ಹೋಗಬೇಕು ಎಂಬುದು ನನಗೆ ಗೊತ್ತಿತ್ತು. ಇಲಾಖೆಯಲ್ಲಿ ಅದು ಗೊತ್ತಿಲ್ಲದವರೇ ಇಲ್ಲ.

ಸಿಂದಗಿಯಾದರೆ ದಿನಾ ಹೋಗಿ ಬರಲು ಮೂರು ತಾಸು. ಅಲ್ಲಿಯೂ ಯಾರೋ ಒಬ್ಬ ಅತಿಥಿ ಇದ್ದೇ ಇದ್ದರು. ಆದರೆ ಆ ಯಾರೋ ನನಗೆ ಪಾಠ ಹೇಳಿರಲಿಲ್ಲ, ನಮ್ಮ ಶೆಡ್ಡಿಗೆ ಬಂದು ಲಿಂಬಿಕಾಯಿ ಆರಿಸಿರಲಿಲ್ಲ. ಕಂಪ್ಯೂಟರ್ ಮುಂದೆ ಕುಳಿತ ಗುಮಾಸ್ತ, "ಬೇಗ ಹೇಳಿ ಮೇಡಂ, ಹಿಂದೆ ಜನ ಇದ್ದಾರೆ" ಎಂದ. ನಾನು ಇಂಡಿ ಎಂದೆ. ಅಬ್ಬಾನ ಮುಖ ಕಣ್ಣ ಮುಂದಿತ್ತು ಎಂದು ಈಗ ಹೇಳಬಹುದು. ಆಗ ಕಣ್ಣ ಮುಂದಿದ್ದದ್ದು ಬಸ್ಸಿನ ಮೂರು ತಾಸು.

ಹಾಜರಾದ ದಿನ ಅವರು ನನಗಿಂತ ಮೊದಲೇ ಬಂದು ಕಾಯುತ್ತಿದ್ದರು. ಹಾಜರಿ ಪುಸ್ತಕ, ಅಂಕಗಳ ಪಟ್ಟಿ, ಎಲ್ಲಿಯ ತನಕ ಪಾಠ ಆಗಿದೆ ಎಂಬ ಚೀಟಿ, ಎಲ್ಲ ಜೋಡಿಸಿ ಇಟ್ಟಿದ್ದರು. ನಾನು ಕಾಲು ಮುಟ್ಟಲು ಬಾಗಿದರೆ ಹಿಂದೆ ಸರಿದರು.

"ಬ್ಯಾಡ್ರಿ ಮೇಡಂ. ಸ್ಟಾಫ್ ರೂಮು ಇದು."

ಅಷ್ಟು ವರ್ಷ 'ಏ ರಜಿಯಾ' ಎಂದು ಕೂಗಿದ ಬಾಯಿ ಮೇಡಂ ಎಂದಿತು, 'ರಿ' ಹಚ್ಚಿತು. ನನ್ನನ್ನು ತರಗತಿಗೆ ಕರೆದುಕೊಂಡು ಹೋಗಿ ಹುಡುಗರಿಗೆ ಹೇಳಿದರು: "ಇವರು ಇದ ಬೆಂಚಿನ್ಯಾಗ ಕುಂತು ಕಲ್ತವರು. ಇನ್ನ ಮುಂದ ನಿಮಗ ಕಾಯಂ ಮೇಡಂ ಬಂದಾರ. ನಿಮ್ಮ ನಸೀಬ ತೆರೀತು." ಅದರಲ್ಲಿ ವ್ಯಂಗ್ಯ ಹುಡುಕಿದೆ. ಸಿಗಲಿಲ್ಲ. ವ್ಯಂಗ್ಯ ಸಿಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು.

ವಾರದ ಪಾಠದಲ್ಲಿ ನನಗೆ ಹದಿನಾರು ತಾಸು ಹೋಗಿ ಎಂಟು ತಾಸು ಉಳಿಯಿತು. ಆ ಎಂಟು ತಾಸಿಗೆ ಅವರನ್ನೇ ಇಟ್ಟುಕೊಳ್ಳಿ ಎಂದು ನಾನು ಪ್ರಾಂಶುಪಾಲರಿಗೆ ಹೇಳಿದೆ, ಇಟ್ಟುಕೊಂಡರು. ಅದನ್ನು ದೊಡ್ಡ ಉಪಕಾರವೆಂಬಂತೆ ಕೆಲವು ದಿನ ಮನಸ್ಸಿನಲ್ಲಿ ಹೊತ್ತು ತಿರುಗಿದ್ದೂ ಉಂಟು. ಸ್ಟಾಫ್ ರೂಮಿನಲ್ಲಿ ಕಾಯಂ ಇದ್ದವರಿಗೆ ಕುರ್ಚಿಗಳಿದ್ದವು. ಅತಿಥಿಗಳು ಗೋಡೆಯ ಪಕ್ಕದ ಬೆಂಚಿನ ಮೇಲೆ. ಸರ್ ಆ ಬೆಂಚಿನ ಮೇಲೂ ಕೂರುತ್ತಿರಲಿಲ್ಲ, ಕಬ್ಬಿಣದ ಕಪಾಟಿಗೆ ಒರಗಿ ನಿಂತು ಪತ್ರಿಕೆ ಓದುತ್ತಿದ್ದರು. "ಕೂಡ್ರಿ ಸರ್" ಎಂದು ನನ್ನ ಕುರ್ಚಿ ಎಳೆದು ಕೊಟ್ಟರೆ, "ನಿಂತ ರೂಢಿ ಐತ್ರಿ ಮೇಡಂ" ಎನ್ನುತ್ತಿದ್ದರು. ಮೂರು ಸಲ ಕೇಳಿದೆ. ನಾಲ್ಕನೆಯ ಸಲ ಕೇಳಲಿಲ್ಲ.

ವರ್ಷದ ಕೊನೆಗೆ ಅತಿಥಿಗಳ ಕೆಲಸ ಹೇಗಿದೆ ಎಂದು ವಿಭಾಗದ ಮುಖ್ಯಸ್ಥರು ಬರೆದುಕೊಡುವ ಒಂದು ನಮೂನೆ ಬರುತ್ತದೆ. ವಿಭಾಗದ ಮುಖ್ಯಸ್ಥೆ ನಾನು. ವಿಷಯದ ಜ್ಞಾನ, ಸಮಯಪಾಲನೆ, ವಿದ್ಯಾರ್ಥಿಗಳೊಂದಿಗೆ ನಡವಳಿಕೆ. ಪ್ರತಿಯೊಂದಕ್ಕೂ ಮೂರು ಮನೆ: ಉತ್ತಮ, ತೃಪ್ತಿಕರ, ಸಾಧಾರಣ. ನಾನು ಪೆನ್ನು ಹಿಡಿದು ಕುಳಿತಿದ್ದಾಗ ಅವರು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಾ ಉತ್ತಮ ಅಂತ ಹಾಕ್ತೇನ್ರಿ ಸರ್," ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

"ಎಲ್ಲಾ ಹಾಕಬ್ಯಾಡ್ರಿ. ಎರಡಕ್ಕ ತೃಪ್ತಿಕರ ಅಂತ ಹಾಕ್ರಿ. ಎಲ್ಲಾ ಉತ್ತಮ ಇದ್ರ ಮ್ಯಾಲಿನವರು ಸಂಶೇ ಪಡ್ತಾರ."

ಯಾವ ಎರಡಕ್ಕೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಸಮಯಪಾಲನೆಗೆ ಹಾಕ್ರಿ, ಬಸ್ಸಿಂದ ತಡ ಆಗಿರತೈತಿ. ಇನ್ನೊಂದ ನೀವ ನೋಡಿ ಹಾಕ್ರಿ" ಎಂದರು. ನಾನು ವಿಷಯದ ಜ್ಞಾನದ ಎದುರು ತೃಪ್ತಿಕರ ಎಂದು ಗುರುತು ಹಾಕಿದೆ. ನಡವಳಿಕೆಗೆ ಹಾಕಲು ಮನಸ್ಸು ಬರಲಿಲ್ಲ.

ಆ ಕಾಗದವೂ ಉಪಯೋಗಕ್ಕೆ ಬರಲಿಲ್ಲ. ಆ ಬೇಸಿಗೆಯಲ್ಲಿ ಹೊಸ ನಿಯಮ ಬಂತು. ಅರ್ಹತಾ ಪರೀಕ್ಷೆ ಇಲ್ಲವೇ ಪಿಎಚ್‌ಡಿ ಇದ್ದವರಿಗೆ ಮಾತ್ರ ಅವಕಾಶ, ಉಳಿದವರು ಅರ್ಜಿಯನ್ನೇ ಹಾಕುವಂತಿಲ್ಲ. ಗುಣಮಟ್ಟ ಹೆಚ್ಚಿಸಲು ಎಂದು ಹೇಳಿದರು. ಹತ್ತೊಂಬತ್ತು ವರ್ಷ ಅನರ್ಹರ ಕೈಯಿಂದ ಯಾಕೆ ಪಾಠ ಮಾಡಿಸಿದಿರಿ ಎಂದು ಕೇಳುವವರು ಯಾರೂ ಇರಲಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ ಸರ್ ಆ ಪರೀಕ್ಷೆಗೂ ಕುಳಿತರು. ವಿಜಯಪುರದ ಕೇಂದ್ರದಲ್ಲಿ ಅವರ ಹಿಂದಿನ ಬೆಂಚಿಗೆ ಅವರದೇ ವಿದ್ಯಾರ್ಥಿ. ವಿದ್ಯಾರ್ಥಿ ಪಾಸಾದ, ಸರ್ ಸ್ವಲ್ಪದರಲ್ಲಿ ತಪ್ಪಿದರು. ಈಗ ಆ ಎಂಟು ತಾಸು ಅವನೇ ತೆಗೆದುಕೊಳ್ಳುತ್ತಾನೆ. ಒಳ್ಳೆಯ ಹುಡುಗ. ಮುಂದಿನ ವರ್ಷ ಅವನಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.

ಅಲ್ಲಿಂದ ಮುಂದೆ ಸರ್ ಕಾಲೇಜಿನ ಕಡೆ ಬರಲಿಲ್ಲ. ಅಗರಖೇಡಕ್ಕೆ ಹೋಗಿ ಕಂಡು ಬರಬೇಕು ಎಂದು ನಾನು ಎಷ್ಟೋ ಭಾನುವಾರ ಅಂದುಕೊಂಡೆ. ಹೋಗಲಿಲ್ಲ.

ಅವರೇ ಬಂದರು. ಸಾಯುವ ಹತ್ತು ದಿನ ಮೊದಲು, ಒಂದು ಭಾನುವಾರ ಬೆಳಗ್ಗೆ. ಬಾಗಿಲು ಬಡಿದ ಸದ್ದಿಗೆ ಹೋಗಿ ನೋಡಿದರೆ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ನನ್ನನ್ನು ಕಂಡು ಗಲಿಬಿಲಿಯಾದರು. ಯಾರ ಮನೆ ಎಂದು ಗೊತ್ತಿಲ್ಲದೆ ಬಂದಿರಲಿಲ್ಲ, ಅದಂತೂ ನಿಜ. ಬಾಗಿಲು ನಾನೇ ತೆರೆಯುತ್ತೇನೆಂದು ಅಂದುಕೊಂಡಿರಲಿಕ್ಕಿಲ್ಲ.

"ಸರ್ವೇ ಐತಿ," ಎಂದರು. "ವೋಟಿಂದು."

ಒಳಗೆ ಕರೆದೆ. ಅಬ್ಬಾ ಹಾಸಿಗೆಯಿಂದಲೇ ಗುರುತು ಹಿಡಿದು ಎಡಗೈ ಎತ್ತಿ ಸಲಾಂ ಮಾಡಿದರು. ಸರ್ ಅವರ ಪಕ್ಕ ಕುಳಿತು, ಆ ಕೈ ಹಿಡಿದುಕೊಂಡು, ಊಟ ಸೇರುತ್ತದೋ, ನಿದ್ದೆ ಬರುತ್ತದೋ ಕೇಳಿದರು. ಅಮ್ಮ ಚಹಾ ತಂದಳು. ಯಾವುದೋ ಪಕ್ಷ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದೆಯಂತೆ. ಮನೆ ಮನೆಗೆ ಹೋಗಿ ವೋಟು ಎಷ್ಟು, ಜಾತಿ ಯಾವುದು, ಯಾವ ಯೋಜನೆಯ ದುಡ್ಡು ಬರುತ್ತದೆ, ಓಣಿಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಬರೆದುಕೊಂಡು, ಕೊನೆಗೆ ಮನೆಗೊಂದು ಬಣ್ಣ ಹಾಕಬೇಕು. ನಮ್ಮದಾದರೆ ಹಸಿರು, ಅನುಮಾನವಾದರೆ ಹಳದಿ, ನಮ್ಮದಲ್ಲದಿದ್ದರೆ ಕೆಂಪು.

"ಯಾವ ಪಕ್ಷ ಸರ್?"

"ನಮಗೂ ಹೇಳಿಲ್ಲವ್ವಾ. ಕೇಳಬಾರದು ಅಂತ ಸಹಿ ಮಾಡಿಸಿಕೊಂಡಾರ." ಟ್ಯಾಬಿನ ಕಡೆ ನೋಡುತ್ತಲೇ ಹೇಳಿದರು. "ನಿಮ್ಮ ಓಣಿ ಅಂದ್ರ ಕೇಳೂದ ಬ್ಯಾಡ, ಹೆಸರು ನೋಡಿ ಕೆಂಪು ಒತ್ತಿ ಮುಂದ ಹೋಗ್ರಿ, ಟೈಮ್ ಉಳಿತೈತಿ ಅಂತ ಟ್ರೇನಿಂಗಿನ್ಯಾಗ ಹೇಳ್ಯಾರ. ಉಳಿದವರು ಹಂಗ ಮಾಡ್ತಾರ, ಓಣಿಗೆ ಬರಂಗೂ ಇಲ್ಲ. ನಾ ಬರ್ತೇನಿ. ಎಲ್ಲಾ ಮನಿಗೂ ಹೋಗಿ ಕೇಳ್ತೇನಿ."

ಕೇಳಿದರು. ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ನನ್ನ ಹೆಸರು, ಜಾತಿ, ವೋಟು ಎಷ್ಟು ಎಂದು, ನನ್ನನ್ನು ಎಂದೂ ಕಂಡಿರದವರ ಹಾಗೆ ಕೇಳಿದರು. ನಾನೂ ಹಾಗೆಯೇ ಉತ್ತರ ಕೊಟ್ಟೆ. ಕೊನೆಗೆ, "ಈ ಸಲ ಯಾರಿಗೆ ಹಾಕ್ತೀರಿ?" ಎಂದರು.

"ಹೇಳೂದಿಲ್ರಿ ಸರ್. ಮತ ಗುಪ್ತ ಐತಿ."

ಅವರ ಮುಖದಲ್ಲಿ ಒಂದು ಕ್ಷಣ ಹಳೆಯ ಸರ್ ಬಂದು ಹೋದರು. "ಶಾಬಾಸ್," ಎಂದರು. ಆದರೆ ಆ ಟ್ಯಾಬಿನಲ್ಲಿ 'ಹೇಳಲಿಲ್ಲ' ಎಂಬ ಮನೆ ಇರಲಿಲ್ಲ. ಖಾಲಿ ಬಿಟ್ಟರೆ ಅದು ಮುಂದೆ ಹೋಗುತ್ತಿರಲಿಲ್ಲ. ಎರಡು ಸಲ ಖಾಲಿ ಬಿಟ್ಟು ನೋಡಿದರು. ಹಳದಿ ಒತ್ತಿದರು. ಹೆಸರು ಮತ್ತು ಬಣ್ಣ ತಾಳೆಯಾಗುತ್ತಿಲ್ಲ, ಮರುಪರಿಶೀಲಿಸಿ ಎಂದು ಅಕ್ಷರ ಬಂದವು. ಆಗ ಅವರು ಟ್ಯಾಬನ್ನು ನನ್ನ ಕಡೆ ತಿರುಗಿಸಿ, ನನಗೆ ಕಾಣುವಂತೆ ಹಿಡಿದು, ಕೆಂಪು ಒತ್ತಿದರು. ಪರದೆಯ ಮೇಲೆ ಧನ್ಯವಾದ ಎಂದು ಬಂತು.

ನನಗೆ ತಡೆಯಲಾಗಲಿಲ್ಲ.

"ಸರ್, ಅವತ್ತ ಕೌನ್ಸೆಲಿಂಗಿನ್ಯಾಗ ಸಿಂದಗಿನೂ ಇತ್ರಿ. ನಾ ಇಂಡಿ ಅಂದೆ."

"ಗೊತ್ತೈತಿ."

"ಗೊತ್ತಿತ್ತೇನ್ರಿ?"

"ಆ ಪಟ್ಟಿ ನಮ್ಮಷ್ಟ ಯಾರ ನೋಡ್ತಾರವ್ವಾ? ದಿನಾ ತೆಗದು ನೋಡ್ತಿದ್ದೆ. ಎರಡೂ ಖಾಲಿ ಇದ್ದವು. ಸಂಜಿಗೆ ಸಿಂದಗಿ ಹಂಗ ಇತ್ತು, ಇಂಡಿ ತುಂಬಿತ್ತು. ಹೆಸರು ಮರುದಿನ ಬಂತು."

ಅಬ್ಬಾ ಹಾಸಿಗೆಯಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅವರಿಗೆ ಎಷ್ಟು ತಿಳಿಯಿತೋ. ನಾನು ಅಬ್ಬಾನ ಕಡೆ ಕೈ ಮಾಡಿ ಏನೋ ಹೇಳಹೋದೆ. ಸರ್ ತಡೆದರು.

"ಅದೆಲ್ಲಾ ಖರೆ. ನೀ ಬರದಿದ್ರ ಮತ್ತ್ಯಾರೋ ಬರ್ತಿದ್ರು. ಅದು ನನಗ ಗೊತ್ತೈತಿ, ರಜಿಯಾ. ಆದ್ರ ಬಂದಾಕಿ ನೀ. ಅದೂ ಗೊತ್ತೈತಿ."

ಸಿಟ್ಟಿನಿಂದ ಹೇಳಲಿಲ್ಲ. ಹಲಗೆಯ ಮೇಲೆ ಬರೆದಿದ್ದನ್ನು ಓದಿ ಹೇಳುವವರ ಹಾಗೆ ಹೇಳಿದರು. ಚಹಾದ ಕಪ್ಪು ಕೆಳಗಿಟ್ಟು, ಅಬ್ಬಾನ ಹೊದಿಕೆ ಸರಿಮಾಡಿ ಎದ್ದರು. ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ, ಮುಂದಿನ ಮನೆ ಯಾರದು ಎಂದು ಕೇಳಿದರು. ನಾನು ಹೇಳಿದೆ. ಹೆಸರನ್ನು ಟ್ಯಾಬಿನಲ್ಲಿ ಬರೆದುಕೊಂಡು ಆ ಕಡೆ ನಡೆದರು.